ಹಸಿರು ಕಂಬ ತೋರಿಸಿದ ಕೈ

ನನ್ನ ಚಿಕ್ಕಮ್ಮನ ಬಗ್ಗೆ ಯಾರಾದರೂ ‘ಪಾಪ’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದ್ದ ಒಳ್ಳೆಯ ಕೆಲಸ ಕಳೆದುಕೊಂಡಳಂತೆ ಪಾಪ, ಈಗ ಬೀದಿಯಲ್ಲಿ ನಿಂತು ಹೋಗಿಬರುವವರ ಹತ್ತಿರ ಜಗಳ ಕಾಯುತ್ತಾಳಂತೆ ಪಾಪ, ತಲೆ ಸ್ವಲ್ಪ ಹೆಚ್ಚುಕಡಿಮೆ ಆಗಿದೆಯಂತೆ ಪಾಪ. ಅವಳ ತಲೆ ನೆಟ್ಟಗೇ ಇದೆ. ಬೀದಿಯಲ್ಲಿ ನಿಲ್ಲುವುದು ನಿಜ. ಯಾಕೆ ನಿಲ್ಲುತ್ತಾಳೆ ಎಂದು ಕೇಳಲು ಯಾರಿಗೂ ಪುರಸೊತ್ತಿಲ್ಲ, ಪಾಪ ಅನ್ನುವುದಕ್ಕೆ ಮಾತ್ರ ಬೇಕಾದಷ್ಟಿದೆ. ಅದಕ್ಕೇ ನಾನೇ ಹೇಳುತ್ತೇನೆ, ಕೇಳಿ.

ನಮ್ಮ ಮನೆಯಲ್ಲಿರುವುದು ಮೂವರು ಹೆಂಗಸರು: ಅಮ್ಮ, ಅಮ್ಮನ ತಂಗಿಯಾದ ಈ ಚಿಕ್ಕಮ್ಮ, ನಾನು. ಅಪ್ಪ ತೀರಿಕೊಂಡ ವಾರದಲ್ಲೇ ಚಿಕ್ಕಮ್ಮ ತನ್ನ ಟ್ರಂಕು ಹೊತ್ತುಕೊಂಡು ಬಂದು, "ನಾನಿನ್ನು ಇಲ್ಲೇ ಇರ್ತೀನಿ, ಬೇಡ ಅನ್ನೋರು ಈಗ್ಲೇ ಹೇಳ್ಬಿಡಿ" ಎಂದಿದ್ದಳು. ನಾವು ಬಾಯಿ ತೆಗೆಯುವ ಮೊದಲೇ ಟ್ರಂಕು ಮಂಚದ ಕೆಳಗೆ ಸೇರಿತ್ತು. ಅವಳು ಮದುವೆಯಾಗಿಲ್ಲ. ಯಾಕೆ ಎಂದರೆ, "ನೋಡೋಕೆ ಬಂದೋರನ್ನೆಲ್ಲ ನಾನೇ ಪ್ರಶ್ನೆ ಕೇಳ್ತಿದ್ದೆ, ಉತ್ತರ ಬರ್ತಿರ್ಲಿಲ್ಲ" ಎನ್ನುತ್ತಾಳೆ. ಮೆಲ್ಲಗೆ ಮಾತಾಡುವುದು ಅವಳಿಗೆ ಹುಟ್ಟಿನಿಂದ ಬಂದಿಲ್ಲ. ಅಮ್ಮ ಅವಳನ್ನು ಪುಟ್ಟಿ ಎಂದು ಕರೆಯುತ್ತಾಳೆ, ಬೀದಿಯವರು ಬೆನ್ನ ಹಿಂದೆ ಲೌಡ್‌ಸ್ಪೀಕರ್ ಎನ್ನುತ್ತಾರೆ. ಆ ಹೆಸರು ಅವಳ ಕಿವಿಗೂ ಬಿದ್ದಿದೆ. ಅವಳಿಗೇನೋ ಅದರಿಂದ ಖುಷಿಯೇ.

ಮೊದಲು ಅವಳು ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹತ್ತಿ, ಉಣ್ಣೆ, ರೇಷ್ಮೆ, ಯಾವ ಬಟ್ಟೆಗೆ ಎಷ್ಟು ಒತ್ತಬೇಕೆಂದು ಅವಳ ಕೈಗೆ ತಾನಾಗಿ ತಿಳಿಯುತ್ತಿತ್ತು. ಅಲ್ಲಿಗೆ ಶರ್ಟು ಕೊಡಲು ಬರುತ್ತಿದ್ದ ಒಬ್ಬರು ಒಂದು ದಿನ ಅವಳ ಕೈಯನ್ನೇ ನೋಡುತ್ತ ನಿಂತು, "ನಮ್ಮ ಸೆಂಟರಿನ ಮಷೀನಿಗೆ ಇಂಥ ಕೈನೇ ಬೇಕು" ಎಂದು ಕರೆದುಕೊಂಡು ಹೋದರು. ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಅವರು ಡಾಕ್ಟರೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸರ್ಟಿಫಿಕೇಟನ್ನು ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ನೇತುಹಾಕಿದ್ದರೆಂದರೆ, ಓದಬೇಕಾದರೆ ಏಣಿ ತರಬೇಕಿತ್ತು.

ಸೆಂಟರ್ ಎಂದರೆ ಬಾಡಿಗೆಗೆ ಹಿಡಿದ ಎರಡು ಕೋಣೆ. ಮುಂದಿನದರಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ನೀರಿನ ಕ್ಯಾನು, ಮೈಯೊಳಗೆ ಗೆರೆಗಳು ಹರಿಯುವ ಒಂದು ಮನುಷ್ಯನ ಚಿತ್ರ. ಒಳಗಿನದರಲ್ಲಿ ಕಂಪ್ಯೂಟರ್, ಅದಕ್ಕೆ ತಂತಿಯಿಂದ ಜೋಡಿಸಿದ ಒಂದು ಡಬ್ಬ, ಡಬ್ಬಕ್ಕೆ ಜೋಡಿಸಿದ ಪೆನ್ನಿನಂಥ ಹಿತ್ತಾಳೆ ಕಡ್ಡಿ. ಬಂದವರು ಒಂದು ಕೈಯಲ್ಲಿ ಹಿತ್ತಾಳೆ ಸರಳು ಹಿಡಿದು ಕೂರಬೇಕು. ಚಿಕ್ಕಮ್ಮ ಅವರ ಕೈಕಾಲು ಬೆರಳುಗಳ ಉಗುರಿನ ಮೂಲೆಗೆ ಒದ್ದೆ ಹತ್ತಿ ಸವರಿ, ಪೆನ್ನಿನ ತುದಿಯನ್ನು ಒತ್ತುತ್ತಾಳೆ. ಅಲ್ಲಿ ಅಕ್ಯುಪಂಕ್ಚರ್ ಬಿಂದುಗಳಿವೆ, ಒಂದೊಂದು ಬಿಂದುವೂ ಒಂದೊಂದು ಅಂಗದ ಗುಟ್ಟು ಹೇಳುತ್ತದೆ ಎಂಬುದು ಸಾರ್ ಅವರ ಮಾತು. ಮಷೀನು ಕುಯ್ ಎನ್ನುತ್ತದೆ, ಪರದೆಯ ಮೇಲೆ ಒಂದು ಕಂಬ ಏಳುತ್ತದೆ. ನಡುಮಟ್ಟಕ್ಕೆ ನಿಂತರೆ ಹಸಿರು, ಆ ಅಂಗ ಚೆನ್ನಾಗಿದೆ. ಮೇಲೆ ಹೋದರೆ ಕೆಂಪು, ಕೆಳಗೆ ಉಳಿದರೆ ಹಳದಿ, ಎರಡೂ ಕೆಟ್ಟದ್ದು. ಆಮೇಲೆ ಒಂದು ತಟ್ಟೆಯ ಮೇಲೆ ಹನಿ ಔಷಧದ ಬಾಟಲಿ ಇಟ್ಟು ಮತ್ತೆ ಒತ್ತಿದಾಗ ಕಂಬ ಹಸಿರಿಗೆ ಬಂದರೆ ಅದೇ ಅವರಿಗೆ ಹೊಂದುವ ಔಷಧಿ. ಬಾಟಲಿಯ ಮುಚ್ಚಳವನ್ನೂ ತೆಗೆಯುವ ಹಾಗಿಲ್ಲ. "ಮುಚ್ಚಳ ಹಾಕಿದ ಬಾಟ್ಲಿ ಪಕ್ಕದಲ್ಲಿಟ್ಟರೆ ವಾಸಿಯಾಗೋದಾದ್ರೆ, ನಾನು ಬೇಕರಿ ಮುಂದೆ ನಿಂತ್ಕೊಂಡೇ ಹೊಟ್ಟೆ ತುಂಬಿಸ್ಕೋತೀನಿ" ಎಂದು ನಾನು ಹೇಳಿದ್ದಕ್ಕೆ ಚಿಕ್ಕಮ್ಮ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು.

ಅವಳಿಗೆ ಆ ಕೆಲಸದ ಮೇಲೆ ಅಷ್ಟು ಅಭಿಮಾನ. ಬಿಳಿ ಕೋಟು ಹಾಕಿಕೊಂಡು ಬೀದಿಯಲ್ಲಿ ನಡೆದರೆ, ಇಸ್ತ್ರಿ ಅಂಗಡಿಯವನೂ ಎದ್ದು ನಿಲ್ಲುತ್ತಿದ್ದ. ಸಾರ್ ಮೋಸಗಾರರು ಎಂದೂ ನಾನು ಹೇಳುವುದಿಲ್ಲ. ದಿನಾ ಬೆಳಿಗ್ಗೆ ತಾವೇ ಆ ಕುರ್ಚಿಯಲ್ಲಿ ಕೂತು ತಮ್ಮ ಕಂಬಗಳನ್ನು ನೋಡಿಕೊಳ್ಳುತ್ತಿದ್ದರು, ಹಳದಿ ಬಂದರೆ ಮುಖ ಚಿಕ್ಕದಾಗುತ್ತಿತ್ತು. ಅವರು ನಂಬಿದ್ದರು. ಮೋಸಗಾರರನ್ನಾದರೂ ಒಂದು ದಿನ ಹಿಡಿಯಬಹುದು, ಇವರನ್ನು ಏನು ಮಾಡುವುದು?

ಇನ್ನು ಅಮ್ಮ. ಅವಳು ಪರದೆ ಬಟ್ಟೆಯ ಅಂಗಡಿಯಲ್ಲಿ ಅಳತೆ ತೆಗೆದು ಕತ್ತರಿಸುವವಳು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಅವಳಿಗೆ ಸಕ್ಕರೆ ಕಾಯಿಲೆ, ಗುಳಿಗೆಯಲ್ಲಿ ನಿಲ್ಲುವ ಜಾತಿಯದಲ್ಲ. ಇನ್ಸುಲಿನ್ ಅವಳ ಮೈಯಲ್ಲಿ ತಯಾರಾಗುವುದೇ ಇಲ್ಲ, ಸೂಜಿಯಿಂದಲೇ ಹೋಗಬೇಕು, ಬಿಟ್ಟರೆ ಎರಡು ಮೂರು ದಿನವೂ ತಡೆಯುವುದಿಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನೂ ಕೂರಿಸಿಕೊಂಡು ಹೇಳಿದ್ದರು. ಅಮ್ಮನಿಗೆ ಆ ಸೂಜಿಯೆಂದರೆ ಜನ್ಮದ ವೈರಿ. ದಿನಾ ಚುಚ್ಚಿಕೊಳ್ಳುವಾಗ ಅದನ್ನು ಬೈದೇ ಚುಚ್ಚಿಕೊಳ್ಳುವಳು.

ಮಂಡಿ ನೋವೆಂದು ಒಂದು ದಿನ ಚಿಕ್ಕಮ್ಮನೇ ಅವಳನ್ನು ಸೆಂಟರಿಗೆ ಕರೆದುಕೊಂಡು ಹೋದಳು. ಮಂಡಿಗೆ ಅಂತ ಹೋದವಳ ಹತ್ತೂ ಕಾಲ್ಬೆರಳು ನೋಡಿಯಾಯಿತು. ಕಾಲಿನ ಹೆಬ್ಬೆರಳ ಮೂಲೆಯಲ್ಲಿರುವುದು ಸಕ್ಕರೆಯ ಬಿಂದುವಂತೆ. ಮೊದಲ ಸಲ ಅಲ್ಲಿ ಕಂಬ ಕೆಂಪಾಗಿ ಎದ್ದಿತು. ಅಮ್ಮ ಕುರ್ಚಿಯಲ್ಲೇ ಅತ್ತಳಂತೆ. ಹನಿ ಔಷಧ ಶುರುವಾಯಿತು. ಮುಂದಿನ ಸಲ ಕೆಂಪು ಇಳಿಯಿತು. ಅದರ ಮುಂದಿನ ಸಲ ಹಸಿರಾಯಿತು, ಆಮೇಲೆ ಪ್ರತಿ ಸಲವೂ ಹಸಿರೇ. ಅಮ್ಮ ಆ ಬಣ್ಣದ ಕಾಗದಗಳನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದಳು. ನಾನು ಪಾಸಾದ ಅಂಕಪಟ್ಟಿಗೂ ಆ ಭಾಗ್ಯ ಸಿಕ್ಕಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದೆವು. ಅಮ್ಮ ಮೊದಲ ತುತ್ತು ಬಾಯಿಗಿಡುತ್ತ, "ಇವತ್ತು ಬೆಳಿಗ್ಗೆಯಿಂದ ಸೂಜಿ ಬಿಟ್ಟಿದ್ದೀನಿ" ಎಂದಳು. ಬಹುಮಾನ ಬಂದವರು ಹೇಳುವ ಹಾಗೆ ಹೇಳಿದಳು.

"ಏನಂದೆ?" ಎಂದೆ.

"ಸಾರೇ ಹೇಳಿದ್ರು ಕಣೆ. ಕಂಬ ಇಷ್ಟು ದಿನದಿಂದ ಹಸಿರಿದೆ, ಇನ್ಸುಲಿನ್ ಮಾಡೋ ಗ್ರಂಥಿ ಎಚ್ಚರ ಆಗಿದೆ, ಇನ್ನು ಹೊರಗಿಂದ ಚುಚ್ಚಿದ್ರೆ ಅದು ಮತ್ತೆ ಮಲಗಿಬಿಡುತ್ತೆ ಅಂತ. ಎರಡು ದಿನ ಸುಸ್ತು, ಬಾಯಾರಿಕೆ ಆಗ್ಬಹುದು, ಅದು ವಿಷ ಹೊರಗೆ ಹೋಗೋ ಲಕ್ಷಣ, ಹೆದರ್ಬೇಡಿ ಅಂದ್ರು."

"ಅಮ್ಮಾ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಡಾಕ್ಟರಮ್ಮ ಏನ್ ಹೇಳಿದ್ರು ಮರೆತ್ಯಾ?"

"ಆ ಡಾಕ್ಟರಮ್ಮ ಕಂಬ ನೋಡಿದ್ದಾರಾ? ನಿಮ್ಮ ಚಿಕ್ಕಮ್ಮನೇ ಮಷೀನ್ ಹಿಡಿದಿದ್ದು. ಅವಳನ್ನೇ ಕೇಳು!"

ಚಿಕ್ಕಮ್ಮನತ್ತ ತಿರುಗಿದೆ. ತಿನ್ನುವುದನ್ನು ನಿಲ್ಲಿಸಿ ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಆಮೇಲೆ ತಟ್ಟೆ ಸರಿಸಿ ಅಮ್ಮನ ಕಡೆ ತಿರುಗಿದಳು.

"ಅಕ್ಕ, ಆ ಹಸಿರು ನಂದು ಕಣೇ. ನಿಂದಲ್ಲ."

"ಅಂದ್ರೆ?"

"ಪೆನ್ನು ಜೋರಾಗಿ ಒತ್ತಿದ್ರೆ ಕಂಬ ಮೇಲೇಳುತ್ತೆ. ಮೆಲ್ಲಗೆ ಒತ್ತಿದ್ರೆ ಇಳಿಯುತ್ತೆ. ಎಲ್ಲರಿಗೂ ಒಂದೇ ಸಮ ಒತ್ತು ಅಂತ ಸಾರ್ ಕಲಿಸಿದ್ರು, ಹಂಗೇ ಒತ್ತುತಿದ್ದೆ. ಅವತ್ತು ನೀನು ಅತ್ಯಲ್ಲ, ಆಮೇಲಿಂದ ನಿನ್ನ ಬೆರಳು ಹಿಡಿದ್ರೆ ಜೋರಾಗಿ ಒತ್ತೋಕೆ ನನಗೆ ಮನಸ್ಸೇ ಬರ್ತಿರ್ಲಿಲ್ಲ. ಬೇಕು ಅಂತ ಮಾಡಿದ್ದಲ್ಲ. ಕೈ ತಾನಾಗೇ ಸಡಿಲ ಆಗ್ತಿತ್ತು. ಹಸಿರು ನೋಡಿ ನಿನಗೆ ಖುಷಿ ಆಗ್ತಿತ್ತು, ನನಗೂ ಆಗ್ತಿತ್ತು. ಮಂಡಿ ನೋವಿನವಳು ನಗ್ತಾ ಮನೆಗೆ ಹೋದ್ರೆ ಯಾರಿಗೇನು ನಷ್ಟ ಅಂದ್ಕೊಂಡೆ. ಸೂಜಿ ಬಿಡು ಅಂತಾರೆ ಅಂತ ನನಗೆ ಕನಸು ಬಿದ್ದಿತ್ತಾ? ಎದ್ದೇಳು, ಈಗ್ಲೇ ಚುಚ್ಕೋ."

ಅಮ್ಮ ಏಳಲಿಲ್ಲ. "ಕೆಂಪು ಬಂದಾಗ ಮಷೀನು ಸುಳ್ಳು ಹೇಳಲ್ಲ ಅಂದೋಳು ನೀನೇ ತಾನೆ? ಹಸಿರು ಬಂದ್ಮೇಲೆ ಅದು ಸುಳ್ಳಾಗಿಹೋಯ್ತಾ? ಇಷ್ಟು ವರ್ಷ ಆದ್ಮೇಲೆ ಒಂದು ಒಳ್ಳೆ ಮಾತು ಕೇಳಿದ್ದೀನಿ, ಅದನ್ನೂ ಕಿತ್ಕೊಳ್ಳೋಕೆ ಬಂದ್ಯಾ?"

ಚಿಕ್ಕಮ್ಮ ಕೈಮುಗಿದಳು, ಬೈದಳು, ಅತ್ತಳು. ನಾನು ಬೆರಳಿನ ರಕ್ತ ನೋಡುವ ಪುಟ್ಟ ಮೀಟರ್ ತಂದರೆ ಅಮ್ಮ ಎರಡು ಕೈಯನ್ನೂ ಮುಷ್ಟಿ ಮಾಡಿ ಕಂಕುಳಲ್ಲಿ ಅವಿತಿಟ್ಟುಕೊಂಡಳು. ಚುಚ್ಚಿಸಿಕೊಳ್ಳುವ ಕಾಲ ಮುಗಿಯಿತಂತೆ. ಬಲವಂತ ಮಾಡಲು ಹೋದರೆ, "ನನ್ನ ಮೈ ನಂದು" ಎಂದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನಮ್ಮ ಮನೆಯ ಹೆಂಗಸರ ಹಟ ನಿಮಗೆ ಗೊತ್ತಿಲ್ಲ.

ಬೆಳಿಗ್ಗೆ ಅವಳೇ ಬಾಗಿಲು ತೆಗೆದಳು. ಕೊಡಗಟ್ಟಲೆ ನೀರು ಕುಡಿದಿದ್ದಳು, ಆದರೂ ತುಟಿ ಒಣಗಿ ಬಿರಿದಿತ್ತು. ಕುಡಿದದ್ದೆಲ್ಲ ವಾಂತಿಯಾಗುತ್ತಿತ್ತು. ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಳು, ಬಾಯಿಯಿಂದ ಕೊಳೆತ ಹಣ್ಣಿನ ವಾಸನೆ. ಆಸ್ಪತ್ರೆಗೆ ನಡಿ ಎಂದರೆ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ವಿಷ ಹೋಗ್ತಿದೆ... ಸಾರ್ ಹೇಳಿದ್ರಲ್ಲ" ಎನ್ನುತ್ತಾಳೆ! ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಚಿಕ್ಕಮ್ಮ ನನ್ನ ಭುಜ ಹಿಡಿದು ಪಕ್ಕಕ್ಕೆ ಎಳೆದಳು.

"ಇವಳು ಆಸ್ಪತ್ರೆಗೆ ಬರಲ್ಲ. ಸೆಂಟರಿಗೆ ಬರ್ತಾಳೆ. ಟ್ಯಾಕ್ಸಿ ಕರಿ, ಇಳಿದ್ಮೇಲೂ ಅಲ್ಲೇ ನಿಲ್ಸು" ಎಂದವಳು ಅಮ್ಮನ ಕಡೆ ಬಾಗಿ, "ಅಕ್ಕ, ಏಳು, ಸಾರ್ ಹತ್ರನೇ ಹೋಗೋಣ" ಎಂದಳು. ಅಮ್ಮ ಸರಳು ಬಿಟ್ಟಳು.

ಸೆಂಟರಿನ ಕುರ್ಚಿಗಳೆಲ್ಲ ತುಂಬಿದ್ದವು. ನಾವಿಬ್ಬರೂ ಅಮ್ಮನನ್ನು ಎರಡು ಕಡೆಯಿಂದ ಹಿಡಿದು ನೇರ ಒಳಗೆ ನುಗ್ಗಿದೆವು. ಸರದಿ ಇದೆ ಎಂದು ಯಾರೋ ಗೊಣಗಿದರು. ಚಿಕ್ಕಮ್ಮ ಬಾಗಿಲನ್ನು ಮುಚ್ಚಲಿಲ್ಲ, ಹಾರು ಹೊಡೆದು ತೆರೆದಿಟ್ಟಳು. ಅಮ್ಮನನ್ನು ತಾನು ದಿನಾ ಕೂರುವ ಕುರ್ಚಿಯಲ್ಲಿ ಕೂರಿಸಿದಳು, ತಾನು ರೋಗಿಯ ಕುರ್ಚಿಯಲ್ಲಿ ಕೂತು ಹಿತ್ತಾಳೆ ಸರಳು ಹಿಡಿದಳು, ಚಪ್ಪಲಿ ಕಳಚಿ ಬಲಗಾಲನ್ನು ಅಮ್ಮನ ತೊಡೆಯ ಮೇಲಿಟ್ಟಳು.

"ಪೆನ್ನು ಹಿಡ್ಕೊ ಅಕ್ಕ. ನನಗೆ ಸಕ್ಕರೆ ಕಾಯಿಲೆ ಇಲ್ಲ, ನಿನಗೇ ಗೊತ್ತು. ಹೆಬ್ಬೆರಳ ಮೂಲೆಗೆ ಒತ್ತು. ಜೋರಾಗಿ."

ಅಮ್ಮ ಒತ್ತಿದಳು. ಕುಯ್ ಎಂದಿತು. ಕಂಬ ಸರ್ರೆಂದು ಕೆಂಪಿಗೆ ಏರಿತು.

"ಈಗ ಕೈ ಸಡಿಲ ಬಿಡು. ಮೆಲ್ಲಗೆ."

ಹಸಿರು.

"ಇನ್ನೂ ಮೆಲ್ಲಗೆ. ಸುಮ್ನೆ ಸೋಕಿಸು."

ಹಳದಿ. ಅಮ್ಮ ಪರದೆ ನೋಡಿದಳು, ಪೆನ್ನು ನೋಡಿದಳು, ಮತ್ತೆ ತಾನಾಗಿಯೇ ಜೋರಾಗಿ ಒತ್ತಿದಳು. ಕೆಂಪು.

"ನೋಡ್ದ್ಯಾ? ಕೂತಲ್ಲೇ ನನಗೆ ಕಾಯಿಲೆ ಬರಿಸಿದೆ, ವಾಸಿನೂ ಮಾಡಿದೆ, ಮತ್ತೆ ಬರಿಸಿದೆ. ನಿನಗೆ ನಾನು ಮಾಡಿದ್ದೂ ಇದೇನೇ!"

ಅಷ್ಟರಲ್ಲಿ ಸಾರ್ ಬಂದರು. ಬಾಗಿಲಲ್ಲಿ ಜನ ಕತ್ತು ಉದ್ದ ಮಾಡಿ ನಿಂತಿದ್ದರು. "ಏನಿದು ಅಸಹ್ಯ? ಕಲೀದಿರೋ ಕೈಗೆ ಮಷೀನ್ ಕೊಟ್ರೆ ಇನ್ನೇನಾಗುತ್ತೆ? ಏಳಿ ಮೇಲೆ."

"ಕಲಿತ ಕೈ ನಂದು ಸಾರ್" ಎಂದಳು ಚಿಕ್ಕಮ್ಮ. ಆ ದನಿ ಬೀದಿಯ ಆಚೆ ಬದಿಗೂ ಕೇಳಿಸಿರಬೇಕು. "ನೀವೇ ಕಲಿಸಿದ್ದು. ಆ ಕಲಿತ ಕೈನೇ ನಮ್ಮಕ್ಕನಿಗೆ ಹಸಿರು ತೋರಿಸಿದ್ದು. ನಿಮ್ಮ ಮಷೀನು ಅವಳ ಸಕ್ಕರೆ ಅಳೀಲಿಲ್ಲ, ನನ್ನ ಕರುಳು ಅಳೀತು."

ಸಾರ್ ಮುಖ ಕೆಂಪಾಯಿತು. "ಹಾಗಾದ್ರೆ ನಾನೇ ನೋಡ್ತೀನಿ" ಎಂದು ಸರಳನ್ನು ಅಮ್ಮನ ಕೈಗೆ ಕೊಟ್ಟು, ಮಂಡಿಯೂರಿ ಕೂತು, ಅವಳ ಹೆಬ್ಬೆರಳಿಗೆ ಹತ್ತಿ ಸವರಿ ಶ್ರದ್ಧೆಯಿಂದ ಪೆನ್ನು ಒತ್ತಿದರು. ಅವರ ಹಣೆ ಬೆವರಿತ್ತು. ಕಂಬ ಎದ್ದಿತು, ನಡುಮಟ್ಟಕ್ಕೆ ಬಂತು, ನಿಂತಿತು. ಅಚ್ಚ ಹಸಿರು.

"ನೋಡಿ!" ಎಂದರು ಸಾರ್. ಅವರ ಕಣ್ಣಲ್ಲಿ ನಿಜವಾಗಿ ಸಂತೋಷವಿತ್ತು. "ನೋಡಿಯಮ್ಮ, ನಿಮಗೇನೂ ಇಲ್ಲ. ಇಷ್ಟು ಚೆನ್ನಾಗಿ ಎಂದೂ ಬಂದಿರ್ಲಿಲ್ಲ."

ಅಮ್ಮ ಆ ಹಸಿರನ್ನು ನೋಡಿದಳು. ಅವಳಿಗೆ ತಲೆ ಎತ್ತಿ ಹಿಡಿಯಲೂ ಆಗುತ್ತಿರಲಿಲ್ಲ. ಕೈಯಲ್ಲಿದ್ದ ಹಿತ್ತಾಳೆ ಸರಳು ಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು.

"ಸಾರ್," ಎಂದಳು, ಒಂದೊಂದು ಮಾತಿಗೂ ಉಸಿರೆಳೆದುಕೊಳ್ಳುತ್ತ, "ನಾನು ಸಾಯ್ತಾ ಇದ್ದೀನಿ ಸಾರ್. ಅದು ನನಗೆ ಗೊತ್ತಾಗ್ತಿದೆ. ನಿಮ್ಮ ಮಷೀನಿಗೆ ಗೊತ್ತಾಗ್ತಿಲ್ವಲ್ಲ." ಆಮೇಲೆ ತಂಗಿಯ ತೋಳು ಹಿಡಿದಳು. "ಪುಟ್ಟಿ, ಕರ್ಕೊಂಡು ಹೋಗು."

ಹೊರಗೆ ಬರುವಾಗ ಸಾರ್ ಹಿಂದಿನಿಂದ, "ಇನ್ನು ಈ ಹೊಸಿಲು ತುಳೀಬೇಡಿ" ಎಂದು ಕೂಗಿದರು. ಅಮ್ಮನ ಅರ್ಧ ಭಾರ ಹೆಗಲ ಮೇಲಿದ್ದರೂ ಚಿಕ್ಕಮ್ಮ ತಿರುಗಿ ನಿಂತಳು. ಸಾರ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಕುರ್ಚಿಯಲ್ಲಿದ್ದವರನ್ನು ನೋಡಿದಳು. "ಇಲ್ಲಿ ಹಸಿರು ಕಂಬ ನೋಡಿ ಗುಳಿಗೆ ಬಿಟ್ಟೋರು ಯಾರ್ಯಾರಿದ್ದೀರಿ? ನಿಮ್ಮ ಕಂಬಾನೂ ಎಬ್ಬಿಸಿದ್ದು ನಾನೇ. ಹೋಗಿ ಡಾಕ್ಟರನ್ನ ಕೇಳಿ, ಇವತ್ತೇ ಹೋಗಿ!" ಯಾರೋ ಒಬ್ಬರು ಥೂ ಎಂದರು. ಇನ್ನೊಬ್ಬರು ಎದ್ದು ಚೀಲ ತೆಗೆದುಕೊಂಡರು. ನಾನು ಅಷ್ಟೇ ನೋಡಿದ್ದು, ಟ್ಯಾಕ್ಸಿ ಹೊರಟಿತು.

ಆಸ್ಪತ್ರೆಯಲ್ಲಿ ಅಮ್ಮನ ರಕ್ತ ನೋಡಿದ ನರ್ಸ್ ಓಡಿಯೇ ಹೋದಳು. ಎರಡೂ ಕೈಗೆ ಡ್ರಿಪ್ ಹಾಕಿದರು. ಅದೇ ಡಾಕ್ಟರಮ್ಮ ಬಂದು, ಇನ್ನೂ ಸ್ವಲ್ಪ ತಡವಾಗಿದ್ದರೆ ನಾವು ತರಬೇಕಾಗಿದ್ದು ಇಲ್ಲಿಗಲ್ಲ ಎಂದರು. ನಮ್ಮನ್ನು ಚೆನ್ನಾಗಿ ಬೈದರು, ಬೈಸಿಕೊಳ್ಳಬೇಕಾದ್ದೇ. ಚಿಕ್ಕಮ್ಮ ಬೆಂಚಿನ ಮೇಲೆ ಕೂತು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಅಮ್ಮ ಉಳಿದಳು. ವಾರ ಕಳೆದ ಮೇಲೆ ಮನೆಗೆ ಬಂದು, ಕಪಾಟಿನ ಕಾಗದಗಳನ್ನು ತಾನೇ ಕಿತ್ತು ಒಲೆ ಒರೆಸಲು ಬಳಸಿದಳು.

ಮಾರನೆಯ ದಿನದಿಂದ ಚಿಕ್ಕಮ್ಮ ಸೆಂಟರಿನ ಎದುರು, ರಸ್ತೆಯ ಆಚೆ ಬದಿಯ ಚಹಾ ಅಂಗಡಿಯ ಬೆಂಚಿನಲ್ಲಿ ಕೂರತೊಡಗಿದಳು. ಬೆಳಗಿನ ಹೊತ್ತು ಮತ್ತೆ ಇಸ್ತ್ರಿ ಅಂಗಡಿ, ಸೆಂಟರ್ ತೆರೆಯುವ ಹೊತ್ತಿಗೆ ಬೆಂಚು. ಒಳಗೆ ಹೋಗುವವರನ್ನು ತಡೆದು, "ಯಾವ ಔಷಧಿ ತಗೋತಿದ್ದೀರಿ? ಇಲ್ಲಿ ಯಾರೇನೇ ಹೇಳ್ಲಿ, ಅದನ್ನ ಬಿಡ್ಬೇಡಿ" ಎನ್ನುವಳು. ಅಷ್ಟೇ ಮಾತು. ಸಾರ್ ಪೊಲೀಸರಿಗೆ ಹೇಳುತ್ತೇನೆಂದು ಹೆದರಿಸಿದರು. "ಹೊಸಿಲು ತುಳೀಬೇಡ ಅಂದ್ರಿ, ತುಳೀಲಿಲ್ಲ. ರಸ್ತೆ ನಿಮ್ಮಪ್ಪನದ್ದಾ?" ಎಂದಳು. ಆಮೇಲೆ ಅವರೇ ಒಂದು ದಿನ ರಸ್ತೆ ದಾಟಿ ಬಂದು, ಅವತ್ತು ಕೋಪದಲ್ಲಿ ಹಾಗೆ ಹೇಳಿದೆ ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿದರೆ ಕೆಲಸ ಮತ್ತೆ ಕೊಡುವುದಾಗಿ ಮೃದುವಾಗಿ ಹೇಳಿದರು. "ಕೋಪ ಈಗ್ಲೂ ಇದೆ ಸಾರ್" ಎಂದಳು. ಅವರು ವಾಪಸ್ಸು ಹೋದರು.

ಮೊನ್ನೆ ಅಮ್ಮನೂ ನಾನೂ ಅವಳಿಗೆ ಊಟ ತೆಗೆದುಕೊಂಡು ಹೋಗಿದ್ದೆವು. ಮೂವರೂ ಬೆಂಚಿನ ಮೇಲೆ ಕೂತಿದ್ದಾಗ, ಕೈಯಲ್ಲಿ ಎಕ್ಸ್‌ರೇ ಚೀಲ ಹಿಡಿದ ಒಬ್ಬ ಹೆಂಗಸು ಸೆಂಟರಿನ ಕಡೆ ಹೊರಟಿದ್ದರು. ಚಿಕ್ಕಮ್ಮ ಎದ್ದು ತನ್ನ ಪ್ರಶ್ನೆ ಕೇಳಿದಳು. ಆಕೆ ನಿಂತರು, ಚಿಕ್ಕಮ್ಮನ ಮುಖವನ್ನೇ ದಿಟ್ಟಿಸಿದರು.

"ನೀವಾ? ನನ್ನ ಹಾರ್ಟು ಹಸಿರಿದೆ ಅಂತ ಹೋದ ಸಲ ಹೇಳಿದೋರು ನೀವೇ ಅಲ್ವಾ? ಅವತ್ತು ನಿಮ್ಮ ಮಾತು ನಂಬಿ ಮಾತ್ರೆ ಬಿಟ್ಟೆ. ಇವತ್ತು ಬಿಡ್ಬೇಡಿ ಅಂತೀರಿ. ನಿಮ್ಮ ಮಾತನ್ನ ನಾನು ಯಾಕ್ರೀ ನಂಬ್ಬೇಕು?"

ಚಿಕ್ಕಮ್ಮನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಚಹಾ ಅಂಗಡಿಯವನು, ಗಿರಾಕಿಗಳು, ಎಲ್ಲರೂ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು.

ಆಗ ಅಮ್ಮ ಚೀಲದಿಂದ ತನ್ನ ಡಬ್ಬಿ ತೆಗೆದಳು. ತನ್ನ ಅಂಗಡಿಯ ಹೆಂಗಸರ ಮುಂದೆ ಕೂಡ ಅವಳು ಯಾವತ್ತೂ ಚುಚ್ಚಿಕೊಂಡವಳಲ್ಲ, ಪರದೆ ಬಟ್ಟೆಯ ಸುರುಳಿಗಳ ಹಿಂದೆ ಹೋಗಿ ಬರುತ್ತಿದ್ದವಳು. ಸಿರಿಂಜಿಗೆ ಔಷಧಿ ಎಳೆದುಕೊಂಡಳು, ತೋಳು ಮೇಲೆ ಸರಿಸಿದಳು, ರಸ್ತೆ ಬದಿಯಲ್ಲಿ, ಅಷ್ಟು ಜನರ ಕಣ್ಣ ಮುಂದೆ ಚುಚ್ಚಿಕೊಂಡಳು. ಸೂಜಿ ಹೊರಗೆ ತೆಗೆದು ಆ ಹೆಂಗಸಿನ ಕಡೆ ತಿರುಗಿದಳು.

"ಇವಳು ಹಸಿರು ಅಂದಿದ್ದಕ್ಕೆ ನಾನು ಇದನ್ನ ಬಿಟ್ಟು ಸಾಯೋಕೆ ಹೋಗಿದ್ದೆ. ಸಾಯೋಳನ್ನ ಎಳ್ಕೊಂಡು ಬಂದು ಬದುಕಿಸಿದ್ದೂ ಇವಳೇ. ನನ್ನ ತಂಗಿ. ಎರಡೂ ನಿಜ. ನಾನು ಇಲ್ಲೇ ಕೂತಿರ್ತೀನಿ, ನೀವು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದು, ಆಮೇಲೆ ಇವಳನ್ನ ಎಷ್ಟು ಬೇಕಾದ್ರೂ ಬೈಯಿರಿ."